ಮಾರ್ಮಟ್ ಆಂಟಿಯ ವಿಡಿಯೋ

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಲೀಲಾವತಿಯವರ ಅಡುಗೆಮನೆಯಲ್ಲಿ ಬೆಳಗಿನಿಂದ ಕೋಡುಬಳೆ ಕರಿಯುವ ಘಮ. ಮನುಷ್ಯರಿಗಲ್ಲ, ಸ್ವಿಟ್ಜರ್ಲೆಂಡಿನ ಬೆಟ್ಟದ ಪ್ರಾಣಿಗಳಿಗೆ! ಕಳೆದ ವರ್ಷ ಅಲ್ಲಿಗೆ ಹೋದಾಗ, ಬೆಕ್ಕಿನ ಗಾತ್ರದ ಗುಂಡು ಅಳಿಲಿನಂಥ ಮಾರ್ಮಟ್ ಒಂದು ಅವರ ಬುತ್ತಿಯ ಮುಂದೆ ಬಂದು ನಿಂತಿತ್ತು. ಮೂಕಪ್ರಾಣಿ ಎದುರಿಗಿರುವಾಗ ಅದಕ್ಕೊಂದು ತುತ್ತು ಹಾಕದೆ ತಾವು ತಿನ್ನುವುದು ಅವರ ಜಾಯಮಾನದಲ್ಲೇ ಇಲ್ಲ. ಒಂದು ಕೋಡುಬಳೆ ಕೊಟ್ಟರು. ಅದು ಕೈಯಿಂದಲೇ ತಿಂದಿತು. ಗಂಡ ಬದರಿನಾಥ ತೆಗೆದ ವಿಡಿಯೋ ಹ್ಯೂಸ್ಟನ್ ಕನ್ನಡಿಗರ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿತು. ಲೀಲಾವತಿ ‘ಮಾರ್ಮಟ್ ಆಂಟಿ’ಯಾಗಿಬಿಟ್ಟರು, ಆ ಹೆಸರು ಕೇಳಿದರೆ ಅವರಿಗೆ ಒಳಗೊಳಗೇ ಖುಷಿ.

ಈ ಬೇಸಿಗೆಯಲ್ಲಿ ಹನ್ನೆರಡು ಕುಟುಂಬಗಳು ಅದೇ ಬೆಟ್ಟಕ್ಕೆ ಹೊರಟಿದ್ದವು. ಭಾನುವಾರ ಪಕ್ಕದ ಸ್ಟಾಫರ್ಡ್‌ನ ಸಭಾಂಗಣದಲ್ಲಿ ಅವರಿಗೆಲ್ಲ ವಿಡಿಯೋ ತೋರಿಸಿ, ಮನೆಗೊಂದು ಕೋಡುಬಳೆ ಪೊಟ್ಟಣ ಹಂಚುವುದೆಂದು ತೀರ್ಮಾನ.

ಹೊರಟವರಲ್ಲಿ ಧಾರವಾಡ ಕಡೆಯ ಪಶುವೈದ್ಯ ಪ್ರಹ್ಲಾದ್ ಕೂಡ ಒಬ್ಬರು. ಶನಿವಾರ ಕಾಫಿಗೆ ಬಂದವರು ಪೊಟ್ಟಣಗಳನ್ನು ನೋಡಿ ತಡವರಿಸಿದರು.

“ಸಿಟ್ಟಾಗಬ್ಯಾಡ್ರಿ ವೈನಿ. ಇವನ್ನ ಆ ಪ್ರಾಣಿಗೆ ಹಾಕಬಾರದ್ರಿ.”

“ಯಾಕೆ? ಹಸಿದು ಬಂದಿದ್ದಕ್ಕೆ ಕೊಡೋದೂ ತಪ್ಪಾ? ನಮ್ಮಮ್ಮ ಕಾಗೆಗೆ ಇಡದೆ ಊಟಕ್ಕೆ ಕೂತವರೇ ಅಲ್ಲ!”

“ಅದು ಹಸಿದಿರಲಿಲ್ರಿ, ರೂಢಿ ಬಿದ್ದಿತ್ತು. ಚಳಿಗಾಲ ಪೂರ್ತಿ ಬಿಲದಾಗ ಮಲಗೋ ಪ್ರಾಣಿ. ಬ್ಯಾಸಿಗ್ಯಾಗ ಹುಲ್ಲು, ಹೂವು ತಿಂದು ಮೈಯಾಗ ಕೊಬ್ಬು ಕೂಡಿಸ್ಕೋಬೇಕು. ಉಪ್ಪು, ಎಣ್ಣಿ ತಿಂದು ಹೊಟ್ಟಿ ಕೆಡಿಸ್ಕೊಂಡ್ರ ಹೆಂಗ್ರಿ? ಮನುಷ್ಯಾರ ಭಯ ಹೋದ್ರ ಅದರ ಎಚ್ಚರಾನೂ ಹೋಗ್ತದ. ಜೊತಿಯವು ಸಿಳ್ಳೆ ಹೊಡದು ಎಚ್ಚರಿಸಿದ್ರೂ ಓಡೂದಿಲ್ಲ.”

“ಒಂದು ಕೋಡುಬಳೆಗೆ ಏನಾಗಿಬಿಡತ್ತೆ, ಹೋಗಪ್ಪಾ!”

“ನಿಮ್ಮದು ಒಂದರಿ. ಈಗ ಹನ್ನೆರಡು ಮನಿ ಮಂದಿ ಹಾಕ್ತಾರ.”

ಪ್ರಹ್ಲಾದ್ ಹೋದ ಮೇಲೆ ಲೀಲಾವತಿಗೆ ಅಳುವೇ ಬಂತು. ಅವರ ಮಾತು ಸುಳ್ಳೆಂದು ತೋರಿಸುವ ಹಟದಿಂದ ವಿಡಿಯೋ ಹಾಕಿ ಕೂತರು. ನಡುವೆ ಎಲ್ಲಿಂದಲೋ ಚೂಪಾದ ಸಿಳ್ಳೆ ಕೇಳಿಸಿತು. ಹಿಂದಿನ ಹುಲ್ಲಿನಲ್ಲಿದ್ದ ಮಾರ್ಮಟ್‌ಗಳೆಲ್ಲ ಸರಕ್ಕನೆ ಬಿಲ ಸೇರಿದವು. ದೊಡ್ಡ ಹದ್ದೊಂದರ ನೆರಳು ನೆಲದ ಮೇಲೆ ಹಾದುಹೋಯಿತು. ಅವರ ಕೈಯಿಂದ ತಿನ್ನುತ್ತಿದ್ದದ್ದು ಮಾತ್ರ ಅಲ್ಲೇ ಕೂತು ಕಟಕಟ ಅಗಿಯುತ್ತಿತ್ತು. ಜೊತೆಗೆ ಅವರದೇ ದನಿ: “ನೋಡ್ರೀ, ಎಲ್ಲಾ ಓಡಿಹೋದ್ರೂ ಇವನು ನನ್ನ ಬಿಟ್ಟು ಹೋಗ್ತಿಲ್ಲ!”

ನೂರು ಸಲ ನೋಡಿದ್ದರೂ ಅವರಿಗೆ ಇಷ್ಟು ದಿನ ಕಂಡದ್ದು ತಮ್ಮ ಕೈ ಮಾತ್ರ.

“ಅಯ್ಯೋ, ಹದ್ದು ಎತ್ಕೊಂಡು ಹೋಗಿದ್ರೆ ಏನ್ರೀ ಗತಿ?”

ಪಕ್ಕದಲ್ಲಿ ಕೂತಿದ್ದ ಬದರಿನಾಥರ ಮುಖವೂ ಪೆಚ್ಚಾಯಿತು. “ಆ ಭಾಗ ಕಟ್ ಮಾಡಿ ತೋರಿಸೋಣ ಬಿಡು.”

“ಬೇಡ. ಅದನ್ನೇ ತೋರಿಸ್ಬೇಕು.”

ಭಾನುವಾರ ಮಾರ್ಮಟ್ ತಿನ್ನತೊಡಗಿದ ಕೂಡಲೇ ಸಭೆಯಲ್ಲಿ ಚಪ್ಪಾಳೆ. ಸಿಳ್ಳೆ ಕೇಳಿಸಿದಲ್ಲಿ ಲೀಲಾವತಿ ವಿಡಿಯೋ ನಿಲ್ಲಿಸಿದರು. “ಇಲ್ಲಿ ನಾನು ತಪ್ಪು ಮಾಡಿದೀನಿ. ನೀವ್ಯಾರೂ ಮಾಡ್ಬೇಡಿ,” ಎಂದು ನಡೆದದ್ದನ್ನೆಲ್ಲ ಹೇಳಿದರು. ಪೊಟ್ಟಣಗಳನ್ನು ಅಲ್ಲೇ ಬಿಚ್ಚಿ, ಕೋಡುಬಳೆಯನ್ನು ಬಂದವರಿಗೇ ಹಂಚಿದರು. ಮರುದಿನ ಹೊರಡಲಿದ್ದ ಅನುರಾಧಾ ಕೇಳಿದಳು, “ಹಾಗಾದ್ರೆ ಹೇಗೆ ನೋಡೋದು ಆಂಟಿ?”

“ದೂರ ಕೂತ್ಕೊಂಡು. ಸುಮ್ಮನೆ.”

ವಾರದ ಮೇಲೆ ಅನುರಾಧಾ ಅದೇ ಜಾಗದಿಂದ ಒಂದು ವಿಡಿಯೋ ಕಳಿಸಿದಳು. ಹಸಿರು ಇಳಿಜಾರು, ದೂರದಲ್ಲಿ ಕಂದು ಚುಕ್ಕೆಯಷ್ಟು ಒಂದು ಮಾರ್ಮಟ್. ಅವಳ ಮಗಳು ಎದ್ದು ಎರಡು ಹೆಜ್ಜೆ ಇಟ್ಟದ್ದೇ ತಡ, ಅದು ಬಿಲದೊಳಗೆ ಮಾಯ. ‘ಸಾರಿ ಆಂಟಿ, ಸರಿಯಾಗಿ ಸಿಗಲೇ ಇಲ್ಲ’ ಎಂದು ಬರೆದಿದ್ದಳು.

“ಓಡಿಹೋದ, ರೀ! ಓಡಿಹೋದ!” ಲೀಲಾವತಿ ಮಗುವಿನಂತೆ ಚಪ್ಪಾಳೆ ತಟ್ಟಿದರು. ಆಮೇಲೆ ಆ ಖಾಲಿ ಬೆಟ್ಟದ ವಿಡಿಯೋವನ್ನು ಎಲ್ಲ ಗುಂಪುಗಳಿಗೂ ತಾವೇ ಕಳಿಸಿದರು.