ಪ್ಲಗ್ಗು ಯಾರ ಜೇಬಿನಲ್ಲಿ

ಅತ್ತೆ ಸೊಸೆ ಒಂದೇ ಕಡೆ ಕೆಲಸ ಮಾಡುತ್ತಾರೆಂದರೆ ಜನ ಕಿವಿ ನಿಮಿರಿಸುತ್ತಾರೆ, ಜಗಳದ ಸುದ್ದಿ ಏನಾದರೂ ಸಿಕ್ಕೀತೆಂದು. ಅಂಥವರಿಗೆ ಇಲ್ಲಿ ನಿರಾಸೆಯೇ ಗತಿ. ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಇವರಿಬ್ಬರೂ ಒಂಬತ್ತು ವರ್ಷದಿಂದ ಹುಲ್ಲು ಕತ್ತರಿಸುವ ಮಷೀನೊಂದನ್ನು ನೋಡಿಕೊಂಡು ಬಂದಿದ್ದರು. ಜಗಳಕ್ಕೆ ಪುರುಸೊತ್ತು ಸಿಕ್ಕರೆ ಇಬ್ಬರೂ ಸೇರಿ ಮನೆಯಲ್ಲಿದ್ದ ಗಂಡಸಿನ ಮೇಲೆ ಬೀಳುತ್ತಿದ್ದರು. ಒಬ್ಬಳಿಗೆ ಮಗ, ಇನ್ನೊಬ್ಬಳಿಗೆ ಗಂಡ. ಪಾಪ, ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಕೆಲಸ ಕಲಿಸಿದವಳು ಅತ್ತೆ. ಅವಳ ಎಡಗೈಯ ನಡುಬೆರಳು ಅರ್ಧವೇ ಇತ್ತು; ಉಳಿದರ್ಧವನ್ನು ಹಿಂದೆಂದೋ ಒಂದು ಹಳೆಯ ಮಷೀನು ತೆಗೆದುಕೊಂಡಿತ್ತು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಒಳಗಿದ್ದರೆ, ಬ್ಲೇಡನ್ನು ಬರಿಗೈಯಿಂದ ತಿರುಗಿಸಿದರೂ ಎಂಜಿನ್ನು ಗಪ್ಪನೆ ಎದ್ದುಬಿಡಬಹುದು. ಅದಕ್ಕೇ ಅತ್ತೆಯ ಕಟ್ಟಪ್ಪಣೆ: ಯಾರ ಕೈ ಮಷೀನಿನೊಳಗೆ ಹೋಗುತ್ತದೋ, ಬಿಚ್ಚಿದ ಪ್ಲಗ್ಗು ಅವರ ಜೇಬಿನಲ್ಲಿರಬೇಕು. ಪಕ್ಕದವರು "ಜೇಬು?" ಎಂದು ಕೇಳಬೇಕು. ಕೈ ಹಾಕುವವರು ಜೇಬು ತಟ್ಟಿ ನೋಡಿ "ಇದೆ" ಅನ್ನಬೇಕು. ಒಮ್ಮೆ ಸೊಸೆ ತಟ್ಟದೆಯೇ "ಇದೆ" ಅಂದದ್ದಕ್ಕೆ ಅತ್ತೆ ಮೂರು ದಿನ ಮಾತು ಬಿಟ್ಟಿದ್ದಳು.

ಈಚೆಗೆ ಅತ್ತೆಗೆ ಮರೆವು ಹೆಚ್ಚಾಗಿತ್ತು. ಎಣ್ಣೆ ಬದಲಾಯಿಸಿ ಮುಚ್ಚಳ ಹಾಕದೆ ಎದ್ದು ಹೋಗಿದ್ದಳು. ಶೆಡ್ಡಿನ ಬೀಗದಕೈಯನ್ನು ಕೈಯಲ್ಲೇ ಹಿಡಿದುಕೊಂಡು ಅರ್ಧ ಗಂಟೆ ಹುಡುಕಿದ್ದಳು. ಮೇಲಿನವರ ಕಿವಿಗೆ ಬಿದ್ದರೆ ಅವಳ ಕೆಲಸ ಹೋಗುತ್ತದೆ. ಕೆಲಸ ಹೋದರೆ ಈ ಹೆಂಗಸು ಮನೆಯಲ್ಲಿ ಕುಳಿತು ಬದುಕಿಯಾಳೇ? ಸೊಸೆ ಅವಳ ಬೆನ್ನ ಹಿಂದೆಯೇ ಎಲ್ಲವನ್ನೂ ಸರಿಮಾಡಿ ಬಾಯಿ ಮುಚ್ಚಿಕೊಂಡಿದ್ದಳು. ಏನು ಮರೆತರೂ ಅತ್ತೆ ಜೇಬನ್ನು ಮಾತ್ರ ಮರೆಯುವುದಿಲ್ಲ ಎಂಬ ಧೈರ್ಯ ಅವಳಿಗಿತ್ತು.

ಆ ಶನಿವಾರ ಬೆಳಿಗ್ಗೆ ಹುಲ್ಲು ಕತ್ತರಿಸಿ ಮುಗಿದಿತ್ತು. ಸೊಸೆ ಬಕೆಟ್ಟಿನಲ್ಲಿ ನೀರು ತರುವಷ್ಟರಲ್ಲಿ ಅತ್ತೆ ಮಷೀನನ್ನು ಮಗ್ಗುಲಿಗೆ ಮಲಗಿಸಿ, ಮರದ ಚಕ್ಕೆ ಹಿಡಿದು ಕುಳಿತಿದ್ದಳು. ಒಳಗಡೆ ಹಸಿ ಹುಲ್ಲು ಸೆಗಣಿಯ ಹಾಗೆ ಮೆತ್ತಿಕೊಂಡಿತ್ತು.

"ಜೇಬು?"

ಅತ್ತೆ ಕೋಟಿನ ಜೇಬು ತಟ್ಟಿದಳು. ಒಳಗೆ ಏನೋ ಕಿಣಿ ಎಂದಿತು. "ಇದೆ ಕಣೇ."

ಕೈ ಒಳಗೆ ಹೋಯಿತು. ಸೊಸೆ ಫಿಲ್ಟರು ಬಿಚ್ಚಲೆಂದು ಆಚೆ ಬದಿಗೆ ಬಂದಳು. ಪ್ಲಗ್ಗು ತನ್ನ ಜಾಗದಲ್ಲೇ ಕುಳಿತಿತ್ತು, ವೈರಿನ ಟೋಪಿಯ ಸಮೇತ.

ಕೂಗಿದರೆ ಅತ್ತೆ ಬೆಚ್ಚುತ್ತಾಳೆ, ಬೆಚ್ಚಿದರೆ ಬ್ಲೇಡು ತಿರುಗುತ್ತದೆ. ಉಸಿರು ಬಿಗಿಹಿಡಿದು ಬಗ್ಗಿ, ವೈರನ್ನು ಕಿತ್ತು ದೂರ ಸರಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅತ್ತೆ, ಕೈ ಸ್ವಲ್ಪ ಆಚೆ ತೆಗೀರಿ."

ಅತ್ತೆ ಇಣುಕಿ ನೋಡಿದಳು. ಮೊದಲು ಬಂದದ್ದು ಸಿಟ್ಟು. "ನೀನೇ ವಾಪಸ್ ಹಾಕಿದೀಯ!"

ಪ್ಲಗ್ಗು ಇನ್ನೂ ಬಿಸಿಯಿತ್ತು. ಸೊಸೆ ಬಟ್ಟೆ ಸುತ್ತಿ, ಪಾನಾ ಹಾಕಿ ಬಿಚ್ಚಿದಳು. "ಹಾಗಾದ್ರೆ ನಿಮ್ಮ ಜೇಬಲ್ಲಿ ಏನಿದೆ?"

ಅತ್ತೆ ಜೇಬಿಗೆ ಕೈಹಾಕಿ ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟಳು. ಮೂರು ಪ್ಲಗ್ಗುಗಳು, ಮೂರೂ ಹಳೆಯವು, ಮಸಿ ಹಿಡಿದವು, ಎಸೆಯಬೇಕಾಗಿದ್ದವು.

"ಒಂದಿನ ನೀನು ಕೇಳಿದಾಗ ಜೇಬು ಖಾಲಿ ಇತ್ತು. ಬಿಚ್ಚಿ ಎಲ್ಲಿಟ್ಟೆ ಅಂತ ನೆನಪೇ ಬರ್ಲಿಲ್ಲ. ನಿನ್ನ ಮುಂದೆ ಮಾನ ಹೋದ ಹಾಗಾಯ್ತು. ಅದಕ್ಕೇ ಯಾವಾಗ್ಲೂ ಇರ್ಲಿ ಅಂತ ಇಟ್ಕೊಂಡೆ."

ತಾನೇ ಕಟ್ಟಿದ ಕಟ್ಟಳೆಗೆ ತಾನೇ ಮೋಸ ಮಾಡಿದ್ದಳು, ಅದೂ ತನ್ನ ಬೆರಳುಗಳನ್ನೇ ಪಣಕ್ಕಿಟ್ಟು. ಸೊಸೆಗೆ ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಕೊನೆಗೆ ಅಳು ಬಂತು. ಬೆನ್ನ ಹಿಂದೆ ಮುಚ್ಚಳ ಹಾಕುತ್ತ ಬಂದ ತಾನೂ ಇಷ್ಟು ದಿನ ಇದೇ ಮೋಸ ಮಾಡಿದ್ದೆನಲ್ಲ ಎಂದು ಅವಳಿಗೆ ಹೊಳೆಯಿತು.

"ಮೇಲೆ ಹೇಳ್ತೀಯಾ?" ಅತ್ತೆ ಕೇಳಿದಳು.

"ಸೋಮವಾರ ಇಬ್ರೂ ಹೋಗಿ ಹೇಳೋಣ. ಇವತ್ತು ನೀವು ಕೂತ್ಕೊಳಿ. ಕೈ ನಂದು."

ಅತ್ತೆ ವಾದಿಸಲಿಲ್ಲ. ಹಿಂದೆಂದೂ ವಾದಿಸದೆ ಬಿಟ್ಟವಳಲ್ಲ. ಬಕೆಟ್ಟಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿಕೊಂಡು ಕುಳಿತಳು. ಸೊಸೆ ಪ್ಲಗ್ಗನ್ನು ಜೇಬಿಗೆ ಹಾಕಿ ಚಕ್ಕೆ ಎತ್ತಿಕೊಂಡಳು.

"ಜೇಬು?" ಅಂದಳು ಅತ್ತೆ.

ಸೊಸೆ ತಟ್ಟಿ ನೋಡಿದಳು. "ಇದೆ."

ಮೆತ್ತಿದ ಹುಲ್ಲು ಹೆಂಟೆ ಹೆಂಟೆಯಾಗಿ ಬೀಳತೊಡಗಿತು. ಎರಡು ನಿಮಿಷವೂ ಆಗಿರಲಿಲ್ಲ, ಅತ್ತೆ ಗಾಬರಿಯಿಂದ ಮುಂದಕ್ಕೆ ಬಾಗಿದಳು. "ಏ, ಜೇಬು? ಕೇಳೋದೇ ಮರ್ತೆ ನೋಡು."

ಸೊಸೆ ಕೈ ಹೊರಗೆ ತೆಗೆದು, ಒರೆಸಿಕೊಂಡು, ಅವಳಿಗೆ ಕಾಣುವ ಹಾಗೆ ಜೇಬು ತಟ್ಟಿದಳು. "ಇದೆ ಅತ್ತೆ."

ಮಷೀನು ಚೊಕ್ಕಟವಾಗುವಷ್ಟರಲ್ಲಿ ಅತ್ತೆ ಇನ್ನೂ ಐದು ಸಲ ಕೇಳಿದಳು. ಐದು ಸಲವೂ ಸೊಸೆ ಕೈ ಹೊರಗೆ ತೆಗೆದು, ಜೇಬು ತಟ್ಟಿ ನೋಡಿಯೇ ಉತ್ತರ ಕೊಟ್ಟಳು.