ಗುಡ್ಡದ ಮೇಲಿನ ಸಹಿ

ರವಿವಾರ ಬೆಳಿಗ್ಗೆ ಗಡಿಯೂರು ಕಾಸಾರಶಿರಸಿಯ ಹನ್ನೆರಡು ಮಂದಿ ಗುಡ್ಡದ ಬುಡದಲ್ಲಿ ನಿಂತು ಹೊಸ ಬೂಟಿನ ಲೇಸು ಬಿಗಿದುಕೊಳ್ಳುತ್ತಿದ್ದರು. ದಾರಿ ತೋರಿಸಲು ಬಂದ ಸರುಬಾಯಿ ಮಾತ್ರ ಬರಿಗಾಲಲ್ಲಿ, ಸೊಂಟಕ್ಕೆ ರೊಟ್ಟಿಯ ಗಂಟು ಕಟ್ಟಿಕೊಂಡು, ಆಗಲೇ ಮೇಲಿನ ಬಂಡೆಯ ಮೇಲೆ ಕೂತಿದ್ದಳು. ಆಕೆ ಬೇಟೆಗಾರ ಪಾರ್ಧಿ ಜನಾಂಗದ ಹೆಂಗಸು. ಅವಳ ಅಜ್ಜ, ಅಪ್ಪ ಇದೇ ದಾರಿಯಲ್ಲಿ ಉರುಲು ಹೊತ್ತು ಬೇಟೆಗೆ ಹೋಗುತ್ತಿದ್ದವರು.

ಪೊದೆ ಬೆಳೆದು ಮುಚ್ಚಿಹೋಗಿದ್ದ ಆ ದಾರಿಯನ್ನು ಮತ್ತೆ ತೆರೆಯಬೇಕೆಂಬ ಹುಚ್ಚು ಹತ್ತಿದ್ದು ಕಾಳಿನ ವ್ಯಾಪಾರಿ ಗುರುಶಾಂತನಿಗೆ. ಮೂರು ತಿಂಗಳು ಸರುಬಾಯಿಯ ಬೆನ್ನು ಹತ್ತಿ ಗುಡ್ಡ ಸುತ್ತಿದ್ದ. ಇಂದು ತುದಿಯಲ್ಲಿ ಅವನೇ ಬರೆಸಿದ ಫಲಕದ ಅನಾವರಣ.

ಅರ್ಧ ಗುಡ್ಡದಲ್ಲಿ ಸರುಬಾಯಿ ಒಂದು ಚಪ್ಪಡಿ ಸರಿಸಿದಳು. ಅಡಿಯಲ್ಲಿ ತಣ್ಣಗಿನ ಒರತೆ. ಎಲ್ಲರೂ ಬೊಗಸೆ ತುಂಬ ಕುಡಿದರು.

“ಪೂರಾ ಮುಚ್ಚಬ್ಯಾಡ್ರಿ, ಹಕ್ಕಿಗೋಳಿಗಿ ಬೇಕಾಗ್ತದ,” ಎಂದಳು. “ನೀರ ಕುಡಿಲಾಕ ಬಂದ ಜೀವಕ್ಕ ನಮ್ಮಪ್ಪ ಉರುಲು ಹಾಕ್ತಿದ್ದಿಲ್ಲ.”

“ಎಂಥಾ ಜನ ನೋಡ್ರಿ!” ಎಂದು ಗುರುಶಾಂತ ತಲೆದೂಗಿದ. ಆಕೆ ಅವನತ್ತ ತಿರುಗಿದಳು. ಅವನು ಲೇಸು ಕಟ್ಟಲು ಬಗ್ಗಿದ.

ಹಿಂದಿನ ಮಂಗಳವಾರ ಆಕೆ ಅವನ ಅಂಗಡಿಗೆ ಒಂದು ಕಾಗದ ಹಿಡಿದು ಬಂದಿದ್ದಳು. ಮೊಮ್ಮಗಳು ಮಯೂರಿಗೆ ಉದಗೀರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಈ ಮನೆಯವರು ಇಲ್ಲಿಯವರೇ ಎಂದು ಊರಿನ ಇಬ್ಬರು ದೊಡ್ಡವರು ಸಹಿ ಮಾಡಿಕೊಡಬೇಕಿತ್ತು. ಶಾಲೆಯ ಮಾಸ್ತರರು ಮಾಡಿದ್ದರು.

“ಶನಿವಾರ ಆಖ್ರಿ ತಾರೀಖ್ರಿ, ಸಾವಕಾರ್ರಿ.”

“ನಿನ್ನ ಮ್ಯಾಲ ನನಗ ಭರೋಸಾ ಅದ ಸರುಬಾಯಿ. ಆದ್ರ ನಾಳಿ ಎಲ್ಲ್ಯಾದ್ರೂ ಕಳವಾಗಿ ಪೊಲೀಸ್ರು ನಿಮ್ಮ ಓಣಿಗಿ ಬಂದ್ರ, ಈ ಸಹಿ ಯಾರದು ಅಂತ ಕೇಳ್ತಾರ. ನನಗೂ ಮಾನ ಮರ್ಯಾದಿ ಅದ. ರವಿವಾರ ಗುಡ್ಡದಾಗ ಸಿಗ್ತೀವಲ್ಲ, ನೋಡಾಮು.”

ರವಿವಾರ ಬರುವುದು ಶನಿವಾರ ಕಳೆದ ಮೇಲೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ.

ತುದಿಯಲ್ಲಿ ಫಲಕದ ಪರದೆ ಸರಿಯಿತು. ಚಪ್ಪಾಳೆಯಾಯಿತು.

“ಏನ್ ಬರ್ದೀರಿ?” ಓದು ಬಾರದ ಸರುಬಾಯಿ ಕೇಳಿದಳು.

ಮರಾಠಿಯಲ್ಲಿದ್ದುದನ್ನು ಗುರುಶಾಂತ ಕನ್ನಡದಲ್ಲಿ ಹೇಳಿದ: “ಇದು ಪಾರ್ಧಿ ಬ್ಯಾಟಿಗಾರರ ದಾರಿ. ಅವರು ಇನ್ನೂರು ವರ್ಷದಿಂದ ಇದೇ ಮಣ್ಣಿನವರು.”

“ಅದರ ಕೆಳಗ?”

“ನನ್ನ ಸಹಿ.”

ಆಕೆ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. “ಸತ್ತೋರು ಇಲ್ಲಿಯವರೇ ಅಂತ ಸಹಿ ಹಾಕೀರಿ. ಅವರೇನ್ ಕಳವು ಮಾಡಲ್ಲ, ಬಿಡ್ರಿ.”

ಫೋಟೋ ತೆಗೆಯುತ್ತಿದ್ದವರು ಮೊಬೈಲು ಕೆಳಗಿಳಿಸಿದರು. ಗುರುಶಾಂತನ ಮುಖ ಕಪ್ಪಿಟ್ಟಿತು. ಅವನು ಜೇಬಿನಿಂದ ಪೆನ್ನು ತೆಗೆದ.

“ಆ ಕಾಗದ ಕೊಡು, ಈಗೇ ಹಾಕ್ತೀನಿ. ನಾಳಿ ನಾನೇ ಉದಗೀರಕ್ಕ ಬಂದು ಕೈ ಮುಗದು ಕೇಳ್ತೀನಿ.”

“ಸೀಟು ಬ್ಯಾರೇದವರಿಗಿ ಹೋಯ್ತಂತ ನಿನ್ನಿ ಸಂಜಿಗೇ ಫೋನ್ ಬಂತ್ರಿ. ಮಯೂರಿ ಇವತ್ತ ಮುಂಜಾನಿ ಕಬ್ಬು ಕಡಿಯೋ ಟೋಳಿ ಮಂದಿ ಸಂಗಟ ಮುರುಮ ಊರಿಗಿ ಹೋದ್ಳು. ಪುಸ್ತಕದ ಚೀಲದಾಗೇ ಅರಿವಿ ತುಂಬಕೊಂಡ್ಳು.”

“ಮತ್ತ ನೀ ಇವತ್ತ ಯಾಕ ಬಂದಿ?”

“ಬರ್ತೀನಿ ಅಂದಿದ್ದೆ ನೋಡ್ರಿ.”

ಆಕೆ ಗಂಟು ಬಿಚ್ಚಿದಳು. ರೊಟ್ಟಿ ಸುತ್ತಿದ್ದು ಅದೇ ಕಾಗದದಲ್ಲಿ. ಶೇಂಗಾ ಹಿಂಡಿಯ ಎಣ್ಣೆ ಹತ್ತಿ ಮಾಸ್ತರರ ಸಹಿ ಕದಡಿತ್ತು. ಅದರ ಪಕ್ಕದ ಜಾಗ ಖಾಲಿಯಿತ್ತು.

ಗುರುಶಾಂತ ಕಾಗದವನ್ನು ಫಲಕಕ್ಕೆ ಒತ್ತಿ ಹಿಡಿದು ಬರೆಯತೊಡಗಿದ. ಎಣ್ಣೆಯ ಮೇಲೆ ಪೆನ್ನು ಮೂಡಲಿಲ್ಲ. ಮತ್ತೆ ಮತ್ತೆ ತಿದ್ದಿ, ಪೂರ್ತಿ ಹೆಸರು ಬರೆದು, ಅಂಗಡಿಯ ವಿಳಾಸವನ್ನೂ ಸೇರಿಸಿ ಎರಡೂ ಕೈಯಿಂದ ಆಕೆಗೆ ಕೊಟ್ಟ.

ಸರುಬಾಯಿ ಅದನ್ನು ಒಮ್ಮೆ ತಿರುಗಿಸಿ ನೋಡಿದಳು. ತಿಂದು ಉಳಿದ ಎರಡು ರೊಟ್ಟಿಯನ್ನು ಅದರಲ್ಲೇ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಳು.

“ನಡೀರಿ, ಬಿಸಲ ಏರ್ತದ,” ಎಂದಳು.