ತೊಲೆ ಹತ್ತಿದ ಕೊಳವೆ

"ಈ ನೀರಿಗೆ ಹೋಗೋಕೆ ಬೇರೆ ಜಾಗಾನೇ ಸಿಗಲ್ವಾ?"

ನೆಲಮಾಳಿಗೆಯ ಕೊನೆಯ ಮೆಟ್ಟಿಲ ಮೇಲೆ ನಿಂತು ಜಸ್ಟೀನಾ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಫರ್ನೇಸು ತನ್ನ ಪಾಡಿಗೆ ಗುಂಯ್‌ಗುಡುತ್ತ ಮನೆಗೆಲ್ಲ ಬಿಸಿಗಾಳಿ ಊದುತ್ತಿತ್ತು. ಅದರ ಬುಡದಿಂದ ಹೊರಟ ತುಕ್ಕುಬಣ್ಣದ ನೀರು ನೆಲದ ಮೇಲೆ ನಾಲಗೆ ಚಾಚಿ, ಈ ಸಲ ಹೊಲಿಗೆಯ ಚೌಕಟ್ಟಿಗೆ ಬಿಗಿದ ಕೌದಿಯ ಜೋತಾಡುವ ಅಂಚನ್ನು ಮುಟ್ಟಿತ್ತು. ಬಿಳಿ ಬಟ್ಟೆ ನೀರನ್ನು ಹೀರಿಕೊಂಡು ಗೇಣುದ್ದ ಕಂದಾಗಿತ್ತು.

ಕೌದಿ ಅವಳೊಬ್ಬಳದಲ್ಲ. ಹಿಮ ಬಿದ್ದಾಗಿನಿಂದ ಚರ್ಚಿನ ಸಭೆಯ ಹೆಂಗಸರು ಪ್ರತಿ ಮಂಗಳವಾರ ಬಂದು, ಚೌಕಟ್ಟಿನ ಸುತ್ತ ಕುಳಿತು, ಕೀರ್ತನೆ ಹೇಳುತ್ತ ಹೊಲಿದದ್ದು. ವಸಂತದ ಹರಾಜಿನಲ್ಲಿ ಮಾರಾಟವಾಗಿ ಎಲ್ಲೋ ಹಸಿದವರಿಗೆ ಅನ್ನವಾಗಬೇಕಾದದ್ದು. ಚೌಕಟ್ಟು ಅತ್ತೆಯ ಕಾಲದಿಂದ ಈ ಮನೆಯಲ್ಲೇ ಇದೆ. ಹೋದ ವಾರ ನೆಲ ಒದ್ದೆಯಾಗಿದ್ದನ್ನು ಕಂಡು ಗಂಡನ ಅಕ್ಕ ಮಲಿಂಡಾ ಸೂಜಿಯಿಂದ ಕಣ್ಣೆತ್ತದೆ ಹೇಳಿದ್ದಳು: "ಬಟ್ಟೆ ಒಗೆಯೋವಾಗ ಒಂಚೂರು ನಿಗಾ ಇರ್ಲಿ ಜಸ್ಟೀನಾ. ಇನ್ನೊಂದ್ಸಲ ಹಿಂಗಾದ್ರೆ ಚೌಕಟ್ಟು ನಮ್ಮನೆಗೆ ತಗೊಂಡು ಹೋಗ್ತೀವಿ." ಸುತ್ತ ಕುಳಿತವರಲ್ಲಿ ಯಾರೂ ಬೇಡ ಅನ್ನಲಿಲ್ಲ.

ಇಂದು ಮಂಗಳವಾರ. ಮಧ್ಯಾಹ್ನದ ಊಟ ಮುಗಿದೊಡನೆ ಅವರು ಬರುತ್ತಾರೆ.

ಜಸ್ಟೀನಾ ಅಂಚನ್ನು ಎತ್ತಿ ಕಟ್ಟಿದಳು. ಸಿಟ್ಟು ಬಂದಾಗ ಅಜ್ಜಿ ಕಲಿಸಿದ ಪದ್ಯವೊಂದನ್ನು ಹೇಳಿಕೊಳ್ಳುವುದು ಅವಳ ರೂಢಿ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಫರ್ನೇಸಿನ ಸ್ವಿಚ್ಚು ಆರಿಸಿದಳು. ಬಿಸಿಗಾಳಿಯ ಕೊಳವೆಯ ಪಕ್ಕಕ್ಕೆ ಅಂಟಿಸಿದಂತಿರುವ, ಗಾಳಿಗೆ ತೇವ ಬೆರೆಸುವ ಪೆಟ್ಟಿಗೆಯ ನೀರಿನ ನಲ್ಲಿಯನ್ನೂ ತಿರುಗಿಸಿ ನಿಲ್ಲಿಸಿದಳು. ಚಳಿಗಾಲದ ಒಣ ಗಾಳಿಗೆ ಚರ್ಮ ಒಡೆಯದಿರಲಿ, ಮೂಗಿನಿಂದ ರಕ್ತ ಬಾರದಿರಲಿ ಎಂದು ಮಲಿಂಡಾಳ ಗಂಡ ಇಸಾಕ್ ತಾನೇ ತಂದು ಕೂರಿಸಿದ ಪೆಟ್ಟಿಗೆ ಅದು. ಸೋರಲು ಶುರುವಾದ ಮೇಲೆ ಎರಡು ಸಲ ಬಂದಿದ್ದ. ಎರಡು ಸಲವೂ ನಲ್ಲಿಯ ತಿರುಪು ಬಿಗಿಮಾಡಿ, ಮೇಲೆ ಹೋಗಿ ಕಾಫಿಯಲ್ಲಿ ಬನ್ನು ಅದ್ದಿ ತಿಂದು, "ಆಯ್ತಮ್ಮ, ಇನ್ನೇನಿಲ್ಲ" ಅಂದಿದ್ದ. ಹೊರಗಿನ ಕೆಲಸಗಾರನನ್ನು ಕರೆಸೋಣವೆಂದರೆ ಗಂಡ ಡೀಡ್ರಿಚ್, "ಮನೇಲಿ ಭಾವ ಇದ್ದಾಗ ಬೇರೆಯವರನ್ನ ಕರೆದ್ರೆ ಜನ ಏನಂತಾರೆ" ಎಂದು ಬಾಯಿ ಮುಚ್ಚಿಸಿದ್ದ.

ಅವಳು ನಲ್ಲಿಯ ಗಂಟಿನ ಮೇಲೆ ಬೆರಳಾಡಿಸಿದಳು. ಒಣಗಿತ್ತು. ಮುಚ್ಚಳ ಕಿತ್ತಳು. ನೀರು ಇಳಿಯುವ ಜಾಲರಿಯಲ್ಲಿ ಸುಣ್ಣ ಕಟ್ಟಿರಲಿಲ್ಲ. ಆದರೆ ಕೆಳಗಿನ ತಟ್ಟೆ ತುಂಬಿ ತುಳುಕುತ್ತಿತ್ತು. ಮಿಕ್ಕ ನೀರು ತಟ್ಟೆಯ ತೂತಿನಿಂದ ರಬ್ಬರ್ ಕೊಳವೆಗಿಳಿದು ನೆಲದ ಮೋರಿಗೆ ಹೋಗಬೇಕು. ತೂತಿಗೆ ಬೆರಳು ತೂರಿಸಿದಳು, ಕಸ ಸಿಗಲಿಲ್ಲ. ಹಾಗಾದರೆ ಕೊಳವೆ.

ಕೈದೀಪ ಹಿಡಿದು ಫರ್ನೇಸಿನ ಹಿಂದಕ್ಕೆ ತೂರಿದಳು. ಕೊಳವೆ ಮೋರಿಯ ಕಡೆ ಹೋಗಿರಲೇ ಇಲ್ಲ. ಹುಲ್ಲು ಕಟ್ಟುವ ಹುರಿಯಲ್ಲಿ ಬಿಗಿಸಿಕೊಂಡು, ಗೋಡೆಗುಂಟ ಮೇಲೇರಿ, ಅವಳ ತಲೆಗಿಂತ, ಆ ಪೆಟ್ಟಿಗೆಗಿಂತಲೂ ಎತ್ತರದ ತೊಲೆಯ ಮೇಲೆ ಹಾದು, ಆ ಬದಿಯ ಬಟ್ಟೆ ಒಗೆಯುವ ತೊಟ್ಟಿಗೆ ಇಳಿದಿತ್ತು. ತೊಟ್ಟಿಯಲ್ಲಿ ಒಂದು ಹನಿಯೂ ಇರಲಿಲ್ಲ.

ಅವಳು ಕತ್ತರಿಯಿಂದ ಹುರಿಯನ್ನು ಕಚಕಚನೆ ಕತ್ತರಿಸಿ, ಕೊಳವೆಯನ್ನು ಎಳೆದು ಮೋರಿಯ ಬಾಯಿಗೆ ಇಟ್ಟಳು. ನಿಂತ ನೀರೆಲ್ಲ ಗಳಗಳನೆ ಇಳಿದುಹೋಯಿತು. ತಟ್ಟೆ ಬರಿದಾಯಿತು. ಕಾರಣ ಸಿಕ್ಕರೆ ಸಿಟ್ಟು ಇಳಿದೀತು ಎಂದುಕೊಂಡಿದ್ದಳು. ಅದು ಇನ್ನೂ ನೆತ್ತಿಗೇರಿತು. ಮೇಲೆ ಹೋಗಿ ಗಂಡನಿಗೆ, "ನಿಮ್ಮ ಭಾವನ್ನ ಕರೀರಿ, ಈಗಲೇ" ಅಂದಳು.

ಪಕ್ಕದ ಹೊಲದಾಚೆಯೇ ಇಸಾಕನ ಮನೆ. ಹಿಮದ ಬೂಟು ಕಳಚಿ, ಮೀಸೆಯ ಮಂಜು ಒರೆಸಿಕೊಳ್ಳುತ್ತ ಡೀಡ್ರಿಚ್‌ನ ಹಿಂದೆ ಕೆಳಗಿಳಿದ.

"ಮತ್ತೆ ನಲ್ಲಿಯೇನಮ್ಮ?"

"ನಲ್ಲಿ ಅಲ್ಲ. ಈ ಕೊಳವೇನ ತೊಲೆ ಮೇಲೆ ಹತ್ತಿಸಿದ್ದು ಯಾರು ಇಸಾಕಣ್ಣ?"

ಅವನು ಮೋರಿಯನ್ನೂ ಕತ್ತರಿಸಿದ ಹುರಿಯನ್ನೂ ನೋಡಿದ. "ಅಯ್ಯೋ, ಅಷ್ಟು ಒಳ್ಳೆ ನೀರು ರಾತ್ರಿ ಹಗಲು ಮೋರಿಗೆ ಹೋಗ್ತಿತ್ತಲ್ಲಮ್ಮ. ಹೊಟ್ಟೆ ಉರೀತು. ದೇವರು ಕೊಟ್ಟಿದ್ದನ್ನ ಹಂಗೆ ಚೆಲ್ಲಬಾರದು. ತೊಟ್ಟಿಗಾದ್ರೂ ಬೀಳ್ಲಿ ಅಂತ ಕಟ್ಟಿದೆ. ನೆಲದ ಮೇಲೆ ಬಿಟ್ರೆ ನಿಂಗೇ ಕಾಲಿಗೆ ಸಿಗುತ್ತೆ ಅಂತ ಮೇಲಿಂದ."

"ದೇವರು ನೀರಿಗೆ ಇಳಿಯೋದು ಕಲಿಸಿದಾನೆ ಅಣ್ಣ, ಹತ್ತೋದಲ್ಲ."

"ಜಸ್ಟೀನಾ," ಎಂದ ಡೀಡ್ರಿಚ್ ಮೆಲ್ಲಗೆ.

"ನೀವು ಸುಮ್ನಿರಿ. ಹೋದ ವಾರ ಎಲ್ಲರೆದುರು ಮಲಿಂಡಕ್ಕ ನನ್ನನ್ನ ಒಗೆದು ಒಣಗಿಸಿದ್ದು ಹೇಳಿದಾಗಲೂ ಹಿಂಗೇ ಸುಮ್ನಿದ್ರಿ."

ಇಸಾಕ್ ಕೌದಿಯ ಅಂಚನ್ನು ಕೈಯಲ್ಲಿ ಹಿಡಿದು ನೋಡಿದ. ಕಲೆ ಅವನ ಅಂಗೈಗಿಂತ ದೊಡ್ಡದಾಗಿತ್ತು. ಅವನ ಮುಖ ನಿಜಕ್ಕೂ ಇಳಿದುಹೋಯಿತು. ಅದನ್ನು ಕಂಡು ಜಸ್ಟೀನಾಳಿಗೆ ಒಂದು ಗಳಿಗೆ ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ಸಿಟ್ಟು ಬಂತು.

"ಅಂಚು ಬಿಚ್ಚಿ ಬೇರೆ ಬಟ್ಟೆ ಹಾಕ್ಬೋದು," ಅಂದ.

"ಹಾಕ್ಬೋದು. ಅದು ನಂಗೊತ್ತು."

ಅವನು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸಿದ. "ನೋಡು ತಾಯಿ. ಈ ಭಾನುವಾರ ಸಭೇಲಿ ಹಿರಿಯರನ್ನ ಆರಿಸ್ತಾರೆ, ನನ್ನ ಹೆಸರೂ ಇದೆ. ಒಂದು ಕೊಳವೆ ಕಟ್ಟೋಕೆ ಬರದವನು ಸಭೆ ಏನು ನಡೆಸ್ತಾನೆ ಅಂತಾರೆ ಜನ. ಹೆಂಗಿದ್ರೂ ಅವರು ನಿನ್ನ ತೊಟ್ಟಿದೇ ನೀರು ಅಂದ್ಕೊಂಡಿದಾರೆ. ಇವತ್ತೊಂದು ದಿನ ಹಂಗೇ ಇರ್ಲಿ, ತೊಟ್ಟಿ ತುಂಬಿ ಚೆಲ್ತು ಅಂದ್ಬಿಡು. ಚೌಕಟ್ಟಿನ ವಿಷಯ ಆಮೇಲೆ ನಾನೇ ಮಲಿಂಡಾಗೆ ಹೇಳ್ತೀನಿ."

ಡೀಡ್ರಿಚ್ ಹೆಂಡತಿಯ ಮುಖ ನೋಡಿದ. ಅವನ ಕಣ್ಣಲ್ಲೂ ಅದೇ ಬೇಡಿಕೆಯಿತ್ತು. ಮೇಲೆ ಬಾಗಿಲು ತೆರೆದ ಸದ್ದಾಯಿತು. ಹೆಂಗಸರು ಬೂಟಿನ ಹಿಮ ಕೊಡವುತ್ತ ನಗುತ್ತ ಒಳಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಮಲಿಂಡಾಳ ದನಿ.

ಜಸ್ಟೀನಾ ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಇಲ್ಲ ಅಣ್ಣ," ಅಂದಳು. "ನಾನು ಹಂಗೆ ಹೇಳಲ್ಲ."